ತಾಯಿಗೇ ಅಯೋಡಿನ್ ಸಾಲದಿದ್ದಾಗ ಎದೆಹಾಲು ಸಾಕೇ?

ಪ್ರಶ್ನೆ: ಹುಟ್ಟಿದ ಮಗುವಿಗೆ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆಫ್ರಿಕಾದ ಎಷ್ಟೋ ಊರುಗಳಲ್ಲಿ ತಾಯಂದಿರಿಗೇ ಅಯೋಡಿನ್ ಕೊರತೆ, ಗಳಗಂಡ. ಅಂಥ ತಾಯಿಯ ಹಾಲನ್ನೇ ನಂಬಿಕೊಂಡರೆ ಮಗುವಿನ ಥೈರಾಯ್ಡ್ ಕೆಡುವುದಿಲ್ಲವೇ? ಗಂಜಿಯನ್ನೋ ಡಬ್ಬಿ ಹಾಲನ್ನೋ ಬೇಗ ಶುರು ಮಾಡುವುದು ವಾಸಿಯಲ್ಲವೇ?

ಉತ್ತರ: ಹಾಲು ಬಿಡಿಸಬೇಡಿ. ತಾಯಿಗೆ ಅಯೋಡಿನ್ ಸಿಗುವಂತೆ ಮಾಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗಿನ ಅಂಜಿಕೆ ಸುಳ್ಳಲ್ಲ. ಅದಕ್ಕೆ ಹುಡುಕಿದ ಮದ್ದು ಮಾತ್ರ ತಪ್ಪು.

ಮಗುವಿನ ಮಿದುಳು ಬೆಳೆಯಲು ಕೊರಳಿನ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನು ಬೇಕು, ಆ ಹಾರ್ಮೋನಿಗೆ ಅಯೋಡಿನ್ ಬೇಕು. ಹಸುಗೂಸಿನ ಗ್ರಂಥಿಯಲ್ಲಿ ಅಯೋಡಿನ್ನಿನ ದಾಸ್ತಾನು ತೀರಾ ಕಡಿಮೆ. ದಿನದ ಪಾಲು ದಿನವೇ ಸಿಗಬೇಕು, ಸುಮಾರು 90 ಮೈಕ್ರೋಗ್ರಾಂ. ಅದಕ್ಕೇ ಹಾಲೂಡಿಸುವ ತಾಯಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಎಳೆದುಕೊಳ್ಳಲು ಬಳಸುವ ಪ್ರೊಟೀನೇ ಬಾಣಂತಿಯ ಎದೆಯಲ್ಲೂ ಕೆಲಸಕ್ಕಿಳಿಯುತ್ತದೆ. ತಾಯಿಯ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಅಯೋಡಿನ್ ಹಾಲಿಗೆ ಬರುವುದು ಹೀಗೆ. ತನಗೆ ಸಾಲದಿದ್ದರೂ ತಾಯಿಯ ದೇಹ ಮಗುವಿನ ಪಾಲನ್ನು ಎತ್ತಿಡಲು ನೋಡುತ್ತದೆ. ಆದರೆ ತಳ ಕಂಡ ಬಾವಿಯಿಂದ ಎಷ್ಟು ಸೇದಿದರೂ ಬಿಂದಿಗೆ ತುಂಬದು. ತಾಯಿಯಲ್ಲಿ ಕೊರತೆ ತೀವ್ರವಾದರೆ ಹಾಲಿನಲ್ಲೂ ಇಳಿಯುತ್ತದೆ.

ಈ ಕಥೆ ಚೆನ್ನಾಗಿ ತಿಳಿಯಬೇಕಾದರೆ ಕಾಂಗೋದ ಕಿವು ಸರೋವರದ ನಡುವಿನ ಇಜ್ವಿ ದ್ವೀಪಕ್ಕೆ ಹೋಗಬೇಕು. 1960ರ ದಶಕದಿಂದ ಬೆಲ್ಜಿಯಂನ ವೈದ್ಯರು ಅಲ್ಲಿ ದುಡಿದರು. ದ್ವೀಪದ ಉತ್ತರದಲ್ಲಿ ಗಳಗಂಡ ಮನೆಮನೆಯಲ್ಲಿ, ನೈಋತ್ಯದಲ್ಲಿ ಅಪರೂಪ. ಅಯೋಡಿನ್ ಕೊರತೆಯೇ ಕಾರಣ ಎನ್ನೋಣವೆಂದರೆ ಅದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸದ ಸುಳಿವು ಸಿಕ್ಕಿದ್ದು ಊಟದ ಮರಗೆಣಸಿನಲ್ಲಿ. ಕಹಿ ಮರಗೆಣಸಿನಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಮೂರು ನಾಲ್ಕು ದಿನ ನೆನೆಹಾಕಿ, ಒಣಗಿಸಿದರೆ ಬಹುಪಾಲು ಹೋಗುತ್ತದೆ. ಉಳಿದದ್ದನ್ನು ನಮ್ಮ ದೇಹ ಥಯೋಸಯನೇಟ್ ಆಗಿ ಮಾರ್ಪಡಿಸುತ್ತದೆ. ಅದು ಜೀವ ತೆಗೆಯದು, ಆದರೆ ಅಯೋಡಿನ್ ಒಳಗೆ ಹೋಗುವ ಬಾಗಿಲಲ್ಲಿ ತಾನು ನಿಂತುಬಿಡುತ್ತದೆ. ಅಯೋಡಿನ್ ಸಾಕಷ್ಟಿದ್ದರೆ ತೊಂದರೆಯಿಲ್ಲ. ಇಲ್ಲದ ಕಡೆ ಗಾಯದ ಮೇಲೆ ಬರೆ. ಯುದ್ಧ, ಬರ, ಹಸಿವು ಬಂದಾಗ ಹೆಂಗಸರಿಗೆ ನಾಲ್ಕು ದಿನ ನೆನೆಸುತ್ತ ಕೂರಲು ಆಗುವುದಿಲ್ಲ. ಅವರ ಅಡುಗೆ ಜ್ಞಾನದಲ್ಲಿ ಕೊರತೆಯಿಲ್ಲ, ಪುರುಸೊತ್ತನ್ನು ಕಾಲ ಕಿತ್ತುಕೊಂಡಿದೆ. ಸುಡಾನಿನ ಡಾರ್ಫುರ್‌ನಲ್ಲಿ ಸಜ್ಜೆಯ ಮೇಲೂ ಇಂಥದೇ ಅನುಮಾನ ಬಂದು ಅಧ್ಯಯನ ನಡೆದಿದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಸಂಗತಿ ಕಾಂಗೋದ ಉಬಾಂಗಿ ಪ್ರದೇಶದ್ದು. ಅಲ್ಲೂ ಮರಗೆಣಸೇ ಊಟ, ಥೈರಾಯ್ಡ್ ಕುಗ್ಗಿ ಬೆಳವಣಿಗೆ ನಿಂತ ಮಕ್ಕಳು ಬಹಳ. ಎದೆಹಾಲು ಕುಡಿಯುವಷ್ಟು ಕಾಲ ಮಗುವಿಗೆ ಒಂದಿಷ್ಟು ರಕ್ಷಣೆ ಇರುತ್ತದೆ ಎಂದು ಅಲ್ಲಿ ಕೆಲಸ ಮಾಡಿದವರು ಕಂಡುಕೊಂಡರು. ಹಾಲಿನ ಮೂಲಕ ಅಯೋಡಿನ್ ಬರುತ್ತದೆ, ಥಯೋಸಯನೇಟ್ ಬರುವುದು ಕಡಿಮೆ. ಹಾಲು ಬಿಡಿಸಿ ಮರಗೆಣಸಿನ ಗಂಜಿಗೆ ಹಾಕಿದರೆ ಲೆಕ್ಕ ತಲೆಕೆಳಗು.

ಬೇಗ ಗಂಜಿ ಹಾಕಬೇಕೆನ್ನುವವರು ಗಮನಿಸಬೇಕಾದದ್ದು ಇಲ್ಲಿದೆ. ಘಾನಾದ ಕೊಕೊ, ನೈಜೀರಿಯಾದ ಓಗಿ ಎರಡೂ ಹುಳಿಬರಿಸಿದ ಜೋಳದ, ಹೆಚ್ಚಾಗಿ ಮುಸುಕಿನ ಜೋಳದ ಗಂಜಿಗಳು. ಕೀನ್ಯಾದ ಉಜಿಗೆ ವಿಂಬಿ, ಅಂದರೆ ನಮ್ಮ ರಾಗಿಯೇ, ಹಾಕುವುದುಂಟು. ರಾಗಿಯ ತವರು ಪೂರ್ವ ಆಫ್ರಿಕಾ, ಹಾಗಾಗಿ ನಮ್ಮ ಮಕ್ಕಳ ರಾಗಿ ಸರಿಗೂ ಉಜಿಗೂ ನೆಂಟಸ್ತಿಕೆ ಇದೆ. ಆರು ತಿಂಗಳ ಮೇಲೆ ಇವೆಲ್ಲ ಒಳ್ಳೆಯ ಊಟ. ಆದರೆ ಧಾನ್ಯದಲ್ಲಿ ಅಯೋಡಿನ್ ಅತ್ಯಲ್ಪ, ಮಗುವಿನ ಗಂಜಿಗೆ ಉಪ್ಪನ್ನೂ ಹಾಕುವಂತಿಲ್ಲ. ಮೂರನೇ ತಿಂಗಳಿಗೆ ಗಂಜಿ ಕುಡಿಸಿದರೆ ಹೊಟ್ಟೆ ತುಂಬಿದ ಮಗು ಹಾಲು ಕಡಿಮೆ ಕುಡಿಯುತ್ತದೆ, ಇದ್ದ ಅಯೋಡಿನ್ನೂ ಕೈತಪ್ಪುತ್ತದೆ. ಡಬ್ಬಿ ಹಾಲಿನಲ್ಲಿ ಅಯೋಡಿನ್ ಸೇರಿಸಿರುತ್ತಾರೆ, ನಿಜ. ಆದರೆ ಶುದ್ಧ ನೀರಿಲ್ಲದ ಕಡೆ ಅದರ ಜೊತೆ ಭೇದಿಯೂ ಬರುತ್ತದೆ, ದುಡ್ಡು ಸಾಲದ ಮನೆಯಲ್ಲಿ ಒಂದು ಚಮಚ ಪುಡಿಗೆ ಎರಡು ಚಮಚಕ್ಕೆ ಹಾಕುವಷ್ಟು ನೀರು ಬೀಳುತ್ತದೆ.

ಹಾಲಿನ ಜೊತೆ ನೀರು, ಕಷಾಯ ಕೊಡುವ ರೂಢಿಯೂ ಬೇರು ಬಿಟ್ಟಿದೆ. ನೈಜೀರಿಯಾದ ಯೊರುಬಾ ಜನರ ಮನೆಗಳಲ್ಲಿ ಕೂಸಿಗೆ ಅಗ್ಬೊ ಎಂಬ ಗಿಡಮೂಲಿಕೆಯ ಕಷಾಯ ಕೊಡುವುದುಂಟು, ನಮ್ಮಲ್ಲಿ ಬಜೆ ತೇಯ್ದು ನೆಕ್ಕಿಸುವ ಹಾಗೆ. ಕೊಡುವ ಅಜ್ಜಿಯರದು ಅಕ್ಕರೆಯೇ. ಆದರೂ ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ, ಸಹಾರಾ ಅಂಚಿನ ಬಿಸಿಲಿಗೂ ಅದು ಸಾಕು. ಸಮೀಕ್ಷೆಗಳ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಪಡೆಯುವವರು ರುವಾಂಡಾದಲ್ಲಿ ಸುಮಾರು ಶೇ. 81 (2019–20), ನೈಜೀರಿಯಾದಲ್ಲಿ ಶೇ. 29 (2018).

ಹಾಗಾದರೆ ತಾಯಿಗೆ ಕೊಟ್ಟದ್ದು ಮಗುವಿಗೆ ತಲುಪುತ್ತದೆಯೇ? ಇದನ್ನು ಮೊರಾಕ್ಕೊದಲ್ಲಿ ಪರೀಕ್ಷಿಸಿಯೇ ನೋಡಿದರು. 241 ತಾಯಿ-ಮಗು ಜೋಡಿಗಳು. ಒಂದು ಗುಂಪಿನಲ್ಲಿ ಬಾಣಂತಿಗೆ ಒಮ್ಮೆ 400 ಮಿಲಿಗ್ರಾಂ ಅಯೋಡಿನ್ ಇರುವ ಎಣ್ಣೆ, ಇನ್ನೊಂದರಲ್ಲಿ ನೇರವಾಗಿ ಮಗುವಿಗೇ 100 ಮಿಲಿಗ್ರಾಂ. 2014ರಲ್ಲಿ ಪ್ರಕಟವಾದ ಫಲಿತಾಂಶ: ತಾಯಿಯ ಮೂಲಕ ಹೋದದ್ದೇ ಮೇಲು. ಕನಿಷ್ಠ ಆರು ತಿಂಗಳು ಮಗುವಿಗೆ ಸಾಕಷ್ಟು ಅಯೋಡಿನ್ ಸಿಕ್ಕಿತು. ನೇರವಾಗಿ ಕೊಟ್ಟ ಮಕ್ಕಳಲ್ಲಿ ಅಷ್ಟು ಕಾಲ ನಿಲ್ಲಲಿಲ್ಲ. ಈ ವಿಷಯದಲ್ಲಿ ನನಗೆ ಬಹಳ ಸಮಾಧಾನ ಕೊಡುವ ಅಧ್ಯಯನವಿದು. ಎದೆಹಾಲನ್ನು ಅನುಮಾನಿಸುವ ಬದಲು ಅದನ್ನೇ ದಾರಿಯಾಗಿ ಬಳಸಿಕೊಂಡರು.

ಇಂಥ ಅಯೋಡಿನ್ ಎಣ್ಣೆಯ ಗುಳಿಗೆ ಬೇಕಾಗುವುದು ಅಯೋಡಿನ್ ಉಪ್ಪು ತಲುಪದ ಊರುಗಳಿಗೆ. ಉಳಿದ ಕಡೆ ಉಪ್ಪೇ ಸಾಕು. ದಕ್ಷಿಣ ಆಫ್ರಿಕಾ 1995ರಲ್ಲಿ ಊಟದ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡಿತು, ಇಥಿಯೋಪಿಯಾ 2011ರಲ್ಲಿ ನಿಯಮ ತಂದಿತು.

ಹೆಚ್ಚಾದರೂ ಕೆಡುಕೇ ಎಂಬುದನ್ನು ಮರೆಯಬಾರದು. ಅಲ್ಜೀರಿಯಾದ ತಿಂಡೂಫ್ ಬಳಿ ಶಿಬಿರಗಳಲ್ಲಿರುವ, ಪಶ್ಚಿಮ ಸಹಾರಾದಿಂದ ಬಂದ ಸಹ್ರಾವಿ ನಿರಾಶ್ರಿತರ ಕುಡಿಯುವ ನೀರಿನಲ್ಲೇ ಅಯೋಡಿನ್ ಅತಿ. ಅಲ್ಲಿಯ ಆಡಿನ ಹಾಲಿನಲ್ಲೂ ಅತಿ, ತಾಯಂದಿರ ಎದೆಹಾಲಿನಲ್ಲೂ ಅತಿ, ಥೈರಾಯ್ಡ್ ತೊಂದರೆಗಳೂ ಕಂಡಿವೆ. ಅಲ್ಲಿ ಸರಿಪಡಿಸಬೇಕಾದದ್ದು ನೀರನ್ನು. ಆದ್ದರಿಂದ ಯಾರೂ ತಾವಾಗಿ ಅಯೋಡಿನ್ ಗುಳಿಗೆ ನುಂಗಬಾರದು.

ಥೈರಾಯ್ಡ್ ಕಡಿಮೆ ಇದ್ದು ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ತೆಗೆದುಕೊಳ್ಳುವ ತಾಯಿ ನಿಶ್ಚಿಂತೆಯಿಂದ ಹಾಲೂಡಿಸಬಹುದು. ವಿಕಿರಣ ಅಯೋಡಿನ್ ಚಿಕಿತ್ಸೆ ಮಾತ್ರ ಹಾಲೂಡಿಸುವ ಕಾಲದಲ್ಲಿ ಕೂಡದು.

ಇನ್ನೊಂದು ಸಂಗತಿ ಎದೆಹಾಲಿನ ಕೈಮೀರಿದ್ದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಇರುವುದಿಲ್ಲ, ಅಥವಾ ಕೆಲಸ ಮಾಡುವುದಿಲ್ಲ. ಯಾವ ಹಾಲೂ ಅದನ್ನು ತುಂಬಿಕೊಡದು. ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದರೆ ಗೊತ್ತಾಗುತ್ತದೆ. ಆದರೆ ಆಫ್ರಿಕಾದ ಬಹುತೇಕ ದೇಶಗಳಲ್ಲಿ ಎಲ್ಲ ಮಕ್ಕಳಿಗೂ ಆ ಪರೀಕ್ಷೆ ಸಿಗುತ್ತಿಲ್ಲ. ಅಲ್ಲಿ ತಾಯಿಯ ಕಣ್ಣೇ ಪರೀಕ್ಷೆ: ಕಾಮಾಲೆ ಇಳಿಯದಿರುವುದು, ಅತಿ ನಿದ್ದೆ, ಮಲಬದ್ಧತೆ, ಹೊರಚಾಚುವ ದಪ್ಪ ನಾಲಗೆ, ಉಬ್ಬಿದ ಹೊಕ್ಕುಳು. ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಚಿಕಿತ್ಸೆ ಮೊದಲ ಎರಡು ವಾರದಲ್ಲಿ ಶುರುವಾದರೆ ಮಿದುಳು ಉಳಿಯುತ್ತದೆ. ಮದ್ದು ಅದೇ ಲೆವೊಥೈರಾಕ್ಸಿನ್, ದಿನಕ್ಕೊಂದು ಪುಟ್ಟ ಮಾತ್ರೆ. ಅದನ್ನು ಪುಡಿಮಾಡಿ, ಚಮಚದಲ್ಲಿ ತಾಯಿಯ ನಾಲ್ಕು ಹನಿ ಹಾಲಿನಲ್ಲೇ ಕಲಸಿ ಕುಡಿಸುತ್ತಾರೆ.