ವರ್ಚುವಲ್ ಡೆಸ್ಕ್‌ಟಾಪ್ ಸರ್ವರ್‌ಗಳ ಸಂರಚನೆ ಮತ್ತು ದೋಷ ಪತ್ತೆ: ಅಧ್ಯಯನ ಟಿಪ್ಪಣಿ

ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆಯನ್ನು (ಸರ್ವರ್‌ನಲ್ಲಿ ನಡೆಯುವ ಡೆಸ್ಕ್‌ಟಾಪ್ ಅನ್ನು ಬಳಕೆದಾರರಿಗೆ ದೂರದಿಂದ ಒದಗಿಸುವ ವ್ಯವಸ್ಥೆ) ನೋಡಿಕೊಳ್ಳುವವರಿಗೆ ಬರುವ ದೂರು ಹೆಚ್ಚಾಗಿ ಒಂದೇ ಬಗೆಯದು: ಡೆಸ್ಕ್‌ಟಾಪ್ ತೆರೆಯುತ್ತಿಲ್ಲ, ಇಲ್ಲವೇ ತೆರೆದರೂ ನಿಧಾನ. ಆದರೆ ಒಂದು ಡೆಸ್ಕ್‌ಟಾಪ್ ತೆರೆಯಲು ಹಲವು ಘಟಕಗಳು ಸರದಿಯಂತೆ ಕೆಲಸ ಮಾಡಬೇಕು. ಕ್ಲೈಂಟ್‌ನಿಂದ, ಅಂದರೆ ಬಳಕೆದಾರರ ಸಾಧನದಿಂದ ಹೊರಟ ಕೋರಿಕೆ, ಹೊರಗಿನಿಂದ ಬಂದದ್ದಾದರೆ ಗೇಟ್‌ವೇ ದಾಟಿ, ಯಾರಿಗೆ ಯಾವ ಯಂತ್ರ ಎಂದು ಹಂಚುವ ಕನೆಕ್ಷನ್ ಬ್ರೋಕರ್‌ಗೆ ತಲುಪುತ್ತದೆ. ಬ್ರೋಕರ್ ಬಳಕೆದಾರರ ಗುರುತನ್ನು ಆಕ್ಟಿವ್ ಡೈರೆಕ್ಟರಿಯ (ವಿಂಡೋಸ್ ಜಾಲದ ಖಾತೆಗಳ ಪಟ್ಟಿ) ಮೂಲಕ ಪರಿಶೀಲಿಸಿ, ಪೂಲ್‌ನಲ್ಲಿ (ಯಂತ್ರಗಳ ಗುಂಪಿನಲ್ಲಿ) ಬಿಡುವಾಗಿರುವ ಯಂತ್ರವೊಂದನ್ನು ಆರಿಸುತ್ತದೆ. ಯಂತ್ರ ಆಫ್ ಆಗಿದ್ದರೆ, ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಮೂಲಕ ಅದನ್ನು ಆನ್ ಮಾಡಿಸುತ್ತದೆ. ಬಳಿಕ ಆ ಯಂತ್ರದೊಳಗಿನ ಏಜೆಂಟ್ ಎಂಬ ತಂತ್ರಾಂಶ ಸೆಷನ್ ಆರಂಭಿಸುತ್ತದೆ. ಕೊನೆಗೆ ಬಳಕೆದಾರರ ಪ್ರೊಫೈಲ್ (ಅವರ ಸೆಟ್ಟಿಂಗ್ ಮತ್ತು ಫೈಲ್‌ಗಳು) ಫೈಲ್ ಸರ್ವರ್‌ನಿಂದ ಬಂದು ಸೇರಿಕೊಳ್ಳುತ್ತದೆ. ಸೆಷನ್ ಇವುಗಳಲ್ಲಿ ಯಾವ ಹಂತದಲ್ಲಿ ನಿಂತಿದೆ ಎಂಬುದು ಖಚಿತವಾಗುವವರೆಗೆ ಯಾವ ಸೆಟ್ಟಿಂಗ್ ಅನ್ನೂ ಬದಲಿಸಬಾರದು ಎಂಬುದು ಈ ಟಿಪ್ಪಣಿಯ ಆಧಾರ.

ಲಾಗಿನ್ ಆಗಿ, ಡೆಸ್ಕ್‌ಟಾಪ್‌ಗಳ ಪಟ್ಟಿ ಕಾಣಿಸಿ, ತೆರೆದ ಕೂಡಲೇ ಕಪ್ಪು ಪರದೆ ಬಂದು ಸಂಪರ್ಕ ಕಡಿದುಹೋದರೆ ಬ್ರೋಕರ್‌ನ ಕೆಲಸ ಮುಗಿದಿದೆ, ಪರದೆಯ ದೃಶ್ಯವನ್ನು ಸಾಗಿಸುವ ಪ್ರೋಟೋಕಾಲ್ ಎಲ್ಲೋ ತಡೆಯಲ್ಪಟ್ಟಿದೆ ಎಂದು ತಿಳಿಯಬಹುದು. ಮೈಕ್ರೋಸಾಫ್ಟ್‌ನ ಪ್ರೋಟೋಕಾಲ್ ಆರ್‌ಡಿಪಿ 3389ನೇ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ಸಂಖ್ಯೆ) ಬಳಸುತ್ತದೆ. ಸಿಟ್ರಿಕ್ಸ್ ಎಂಬ ವರ್ಚುವಲ್ ಡೆಸ್ಕ್‌ಟಾಪ್ ತಂತ್ರಾಂಶ 1494 ಮತ್ತು 2598 ಬಳಸುತ್ತದೆ. ಅಂಥದೇ ಇನ್ನೊಂದು ತಂತ್ರಾಂಶ ಹೊರೈಝನ್‌ನಲ್ಲಿ ಬ್ಲಾಸ್ಟ್ ಪ್ರೋಟೋಕಾಲ್‌ಗೆ ಡೆಸ್ಕ್‌ಟಾಪ್ ಯಂತ್ರದ 22443, ಪಿಸಿಒಐಪಿಗೆ 4172 ತೆರೆದಿರಬೇಕು. ಪೋರ್ಟ್‌ಗಳು ದತ್ತಾಂಶವನ್ನು ಟಿಸಿಪಿ, ಯುಡಿಪಿ ಎಂಬ ಎರಡು ಬಗೆಯಲ್ಲಿ ಸಾಗಿಸಬಹುದು; ವಿಂಡೋಸ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆದೇಶ ಪೋರ್ಟ್‌ಗಳಲ್ಲಿ ಟಿಸಿಪಿಯನ್ನು ಮಾತ್ರ ಪರೀಕ್ಷಿಸುತ್ತದೆ. ಪಿಸಿಒಐಪಿಗೆ 4172ರಲ್ಲಿ ಟಿಸಿಪಿ, ಯುಡಿಪಿ ಎರಡೂ ಬೇಕಾಗಿರುವುದರಿಂದ, ಈ ಪರೀಕ್ಷೆ ಯಶಸ್ವಿಯಾದರೂ ಫೈರ್‌ವಾಲ್ ಯುಡಿಪಿಯನ್ನು ತಡೆದಿದ್ದರೆ ಕಪ್ಪು ಪರದೆ ಹಾಗೆಯೇ ಉಳಿಯುತ್ತದೆ. ಪರೀಕ್ಷೆಯನ್ನು ಬ್ರೋಕರ್ ಸರ್ವರ್‌ನಿಂದ ಮಾಡಿದರೆ ಪ್ರಯೋಜನವಿಲ್ಲ. ಒಳಗಿನ ಬಳಕೆದಾರರಿಗೆ ನೇರ ಸಂಪರ್ಕವಿದ್ದರೆ ಅವರ ನೆಟ್‌ವರ್ಕ್‌ನಿಂದ, ಹೊರಗಿನವರ ವಿಷಯದಲ್ಲಿ ಗೇಟ್‌ವೇಯಿಂದ ಡೆಸ್ಕ್‌ಟಾಪ್ ಯಂತ್ರದವರೆಗೆ ದಾರಿ ತೆರೆದಿದೆಯೇ ಎಂದು ನೋಡಬೇಕು.

ಹೆಚ್ಚು ಸಮಯ ತಿನ್ನುವ ತೊಂದರೆ ಏಜೆಂಟ್ ನೋಂದಣಿಯದು, ಅಂದರೆ ಏಜೆಂಟ್ ತಾನು ಸಿದ್ಧ ಎಂದು ಬ್ರೋಕರ್‌ಗೆ ತಿಳಿಸುವುದು. ಯಂತ್ರ ಆನ್ ಆಗಿದೆ, ಪಿಂಗ್‌ಗೆ ಉತ್ತರಿಸುತ್ತಿದೆ, ಆದರೂ ಬ್ರೋಕರ್ ಅದನ್ನು ನೋಂದಾಯಿತವಲ್ಲದ್ದು ಎಂದು ತೋರಿಸುತ್ತದೆ. ಇಂಥಲ್ಲಿ ಏಜೆಂಟ್ ಅನ್ನು ತೆಗೆದು ಮತ್ತೆ ಹಾಕುವ ಅವಸರ ಬೇಡ. ಕಾರಣ ಬಹುಪಾಲು ಏಜೆಂಟ್‌ನ ಹೊರಗೇ ಇರುತ್ತದೆ. ಮೊದಲು ಹೆಸರು ಮತ್ತು ಐಪಿ ವಿಳಾಸಗಳನ್ನು ಜೋಡಿಸುವ ಡಿಎನ್‌ಎಸ್: ಯಂತ್ರದ ಹೆಸರಿಗೆ ಹಳೆಯ ಐಪಿ ವಿಳಾಸ ಉಳಿದುಕೊಂಡಿದೆಯೇ ಎಂದು ಎರಡೂ ದಿಕ್ಕಿನಲ್ಲಿ (ಹೆಸರಿನಿಂದ ವಿಳಾಸಕ್ಕೆ, ವಿಳಾಸದಿಂದ ಹೆಸರಿಗೆ) ನೋಡಬೇಕು. ಬಳಿಕ ಗಡಿಯಾರ: ಡೊಮೇನ್ ಕಂಟ್ರೋಲರ್‌ಗೂ (ಆಕ್ಟಿವ್ ಡೈರೆಕ್ಟರಿಯನ್ನು ನಡೆಸುವ ಸರ್ವರ್) ಯಂತ್ರಕ್ಕೂ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಪೂರ್ವನಿಗದಿತ ಸೆಟ್ಟಿಂಗ್‌ನಲ್ಲಿ ಡೊಮೇನ್ ಗುರುತು ಪರಿಶೀಲಿಸುವ ಕೆರ್ಬರೋಸ್ ದೃಢೀಕರಣ ವಿಫಲವಾಗುತ್ತದೆ. ಹೈಪರ್‌ವೈಸರ್ ಒಂದು ಕಡೆಯಿಂದ, ಡೊಮೇನ್ ಇನ್ನೊಂದು ಕಡೆಯಿಂದ ಸಮಯ ಹೊಂದಿಸುತ್ತಿದ್ದರೆ ಈ ವ್ಯತ್ಯಾಸ ಬಂದು ಹೋಗುತ್ತಿರುತ್ತದೆ, ಹಾಗಾಗಿ ಸಮಯದ ಮೂಲ ಒಂದೇ ಇರುವಂತೆ ಸಂರಚಿಸಬೇಕು. ಮೂರನೆಯದು ಡೊಮೇನ್‌ನೊಂದಿಗಿನ ವಿಶ್ವಾಸ ಸಂಬಂಧ. ವಿಂಡೋಸ್ ಯಂತ್ರ ತನ್ನ ಖಾತೆಯ ಪಾಸ್‌ವರ್ಡ್ ಅನ್ನು ಸಾಮಾನ್ಯವಾಗಿ 30 ದಿನಗಳಿಗೊಮ್ಮೆ ಬದಲಿಸಿಕೊಳ್ಳುತ್ತದೆ. ಆ ಬಳಿಕ ಯಂತ್ರವನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ (ಹಿಂದೊಮ್ಮೆ ಉಳಿಸಿಟ್ಟ ಸ್ಥಿತಿಗೆ) ಮರಳಿಸಿದರೆ ಅದರ ಬಳಿ ಹಳೆಯ ಪಾಸ್‌ವರ್ಡ್, ಡೊಮೇನ್ ಬಳಿ ಹೊಸದು ಉಳಿಯುತ್ತದೆ. ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಆದೇಶ ಇದನ್ನು ತಕ್ಷಣ ತಿಳಿಸುತ್ತದೆ, ರಿಪೇರ್ ಆಯ್ಕೆಯಿಂದ ಸರಿಪಡಿಸಲೂ ಬಹುದು. ಆದರೆ ರೀಸ್ಟಾರ್ಟ್ ಆದಾಗಲೆಲ್ಲ ಮೂಲ ಸ್ಥಿತಿಗೆ ಮರಳುವ ಯಂತ್ರದಲ್ಲಿ ಆ ದುರಸ್ತಿ ಉಳಿಯುವುದಿಲ್ಲ. ಅಲ್ಲಿ ಪೂಲ್ ಅನ್ನು ನಿರ್ವಹಿಸುವ ಸಾಧನದ ಮೂಲಕವೇ ಯಂತ್ರದ ಖಾತೆಯನ್ನು ಸರಿಪಡಿಸಬೇಕು.

ಐಪಿ ವಿಳಾಸಗಳ ಕೊರತೆಯೂ ಇದೇ ವೇಷದಲ್ಲಿ ಬರುತ್ತದೆ. ಐಪಿ ವಿಳಾಸಗಳನ್ನು ಹಂಚುವ ವಿಂಡೋಸ್ ಡಿಎಚ್‌ಸಿಪಿ ಸರ್ವರ್ ಪ್ರತಿ ವಿಳಾಸಕ್ಕೆ ಪೂರ್ವನಿಗದಿತವಾಗಿ 8 ದಿನಗಳ ಲೀಸ್ (ಬಳಕೆಯ ಅವಧಿ) ಕೊಡುತ್ತದೆ. 254 ವಿಳಾಸಗಳ ಒಂದು ಸಬ್‌ನೆಟ್‌ನಲ್ಲಿ (ಜಾಲದ ಒಂದು ಭಾಗದಲ್ಲಿ) ದಿನವೂ 100 ಯಂತ್ರಗಳು ಅಳಿದು ಹೊಸ ಮ್ಯಾಕ್ ವಿಳಾಸದೊಂದಿಗೆ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಹುಟ್ಟುತ್ತಿದ್ದರೆ, ಹಳೆಯ ಲೀಸ್‌ಗಳು ಹಾಗೆಯೇ ಹಿಡಿದುಕೊಂಡಿರುವುದರಿಂದ ಮೂರನೇ ದಿನಕ್ಕೆ ವಿಳಾಸಗಳು ಮುಗಿಯುತ್ತವೆ. ಯಂತ್ರದ ಕನ್ಸೋಲ್‌ನಲ್ಲಿ 169.254ರಿಂದ ಆರಂಭವಾಗುವ ವಿಳಾಸ (ಡಿಎಚ್‌ಸಿಪಿಯಿಂದ ವಿಳಾಸ ಸಿಗದಾಗ ಯಂತ್ರ ತಾನೇ ಇಟ್ಟುಕೊಳ್ಳುವಂಥದು) ಕಂಡರೆ ಮೊದಲ ಸಂದೇಹ ಇದರ ಮೇಲೆಯೇ ಇರಲಿ. ಲೀಸ್ ಅವಧಿಯನ್ನು ಕೆಲವು ಗಂಟೆಗಳಿಗೆ ಇಳಿಸುವುದು ಸರಳವಾದ ಪರಿಹಾರ.

ನಿಧಾನದ ದೂರಿನಲ್ಲಿ ಸಿಪಿಯು ಬಳಕೆಯ ಶೇಕಡಾವಾರನ್ನು ಮಾತ್ರ ನೋಡಿದರೆ ಸಾಲದು, ಸಿಪಿಯು ರೆಡಿ ಸಮಯವನ್ನೂ ನೋಡಬೇಕು. ಯಂತ್ರ ಕೆಲಸಕ್ಕೆ ಸಿದ್ಧವಿದ್ದರೂ ಭೌತಿಕ ಸಿಪಿಯು ಸಿಗದೆ ಕಾದ ಸಮಯವದು. ವಿಎಂವೇರ್‌ನ ನಿರ್ವಹಣಾ ಸಾಧನವಾದ ವಿಸೆಂಟರ್‌ನ ರಿಯಲ್ ಟೈಮ್ ಚಾರ್ಟ್‌ನಲ್ಲಿ ಪ್ರತಿ ಮಾದರಿ 20 ಸೆಕೆಂಡುಗಳದು. ಎರಡು ವರ್ಚುವಲ್ ಸಿಪಿಯುಗಳಿರುವ ಯಂತ್ರಕ್ಕೆ ಒಟ್ಟು 4000 ಮಿಲಿಸೆಕೆಂಡ್ ತೋರಿಸಿದರೆ, ಪ್ರತಿ ಸಿಪಿಯುಗೆ 2000 ಮಿಲಿಸೆಕೆಂಡ್, ಅಂದರೆ ಶೇ. 10ರಷ್ಟು ಕಾಯುವಿಕೆ. ಶೇ. 5 ದಾಟಿದರೇ ಗಮನಿಸಬೇಕು ಎಂಬುದು ರೂಢಿಯಲ್ಲಿರುವ ಅಳತೆ. ಇಂಥ ಹೋಸ್ಟ್‌ನಲ್ಲಿ (ಯಂತ್ರಗಳು ನಡೆಯುವ ಭೌತಿಕ ಸರ್ವರ್‌ನಲ್ಲಿ) ನಿಧಾನವಾದ ಯಂತ್ರಕ್ಕೆ ಇನ್ನೆರಡು ಸಿಪಿಯು ಸೇರಿಸುವುದು ಸರದಿಯನ್ನು ಇನ್ನಷ್ಟು ಉದ್ದ ಮಾಡುತ್ತದೆ. ಹೋಸ್ಟ್‌ನ ಹೊರೆ ತಗ್ಗಿಸುವುದೇ ಸರಿಯಾದ ಕ್ರಮ. ಬೆಳಗಿನ ಹೊತ್ತಿಗೆ ಮಾತ್ರ ಎಲ್ಲರಿಗೂ ನಿಧಾನವಾಗುತ್ತಿದ್ದರೆ, ಯಂತ್ರಗಳು ಒಟ್ಟಿಗೆ ಬೂಟ್ ಆಗಿ ಸ್ಟೋರೇಜ್ ಮೇಲೆ ಮುಗಿಬೀಳುತ್ತಿರಬಹುದು. ಅವನ್ನು ಕೆಲಸದ ಸಮಯಕ್ಕೆ ಮೊದಲೇ ತಂಡತಂಡವಾಗಿ ಆನ್ ಮಾಡಿಸಬೇಕು.

ಲಾಗಿನ್ ಮಾತ್ರ ತಡವಾಗುವುದು ಅಥವಾ ಬಳಕೆದಾರರಿಗೆ ಖಾಲಿ ಡೆಸ್ಕ್‌ಟಾಪ್ ಸಿಗುವುದು ಪ್ರೊಫೈಲ್‌ನ ಲಕ್ಷಣ. ಪ್ರೊಫೈಲ್‌ಗಳನ್ನು ನಿರ್ವಹಿಸುವ ಎಫ್‌ಎಸ್‌ಲಾಜಿಕ್ಸ್ ತಂತ್ರಾಂಶದಲ್ಲಿ ಪ್ರತಿ ಬಳಕೆದಾರರ ಪ್ರೊಫೈಲ್ ಒಂದು ವರ್ಚುವಲ್ ಡಿಸ್ಕ್ ಫೈಲ್ ಆಗಿರುತ್ತದೆ. ಸರಿಯಾಗಿ ಮುಚ್ಚದ ಹಳೆಯ ಸೆಷನ್ ಅದನ್ನು ಹಿಡಿದಿದ್ದರೆ ಹೊಸ ಸೆಷನ್‌ಗೆ ಅದು ದೊರೆಯುವುದಿಲ್ಲ. ಸಿ ಡ್ರೈವ್‌ನ ಪ್ರೋಗ್ರಾಮ್‌ಡೇಟಾ ಫೋಲ್ಡರ್‌ನೊಳಗಿನ ಎಫ್‌ಎಸ್‌ಲಾಜಿಕ್ಸ್ ಲಾಗ್‌ಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಫೈಲ್ ಸರ್ವರ್‌ನಲ್ಲಿ ಆ ಹಿಡಿತವನ್ನು ಬಿಡಿಸುವ ಮೊದಲು ಹಳೆಯ ಸೆಷನ್ ನಿಜವಾಗಿ ಮುಗಿದಿದೆಯೇ ಎಂದು ಖಚಿತಪಡಿಸಿಕೊಳ್ಳಲೇಬೇಕು. ಇಲ್ಲವಾದರೆ ಬಳಕೆದಾರರ ದತ್ತಾಂಶ ಹಾಳಾಗುವ ಅಪಾಯವಿದೆ.

ತಿದ್ದುಪಡಿಗಳನ್ನು ಒಂದೊಂದು ಯಂತ್ರದಲ್ಲಿ ಮಾಡದೆ, ಪೂಲ್‌ನ ಯಂತ್ರಗಳಿಗೆಲ್ಲ ಮೂಲ ಮಾದರಿಯಾದ ಗೋಲ್ಡನ್ ಇಮೇಜ್‌ನಲ್ಲಿಯೇ ಮಾಡಿ, ಹೊಸ ಸ್ನ್ಯಾಪ್‌ಶಾಟ್ ತೆಗೆದು, ಸಣ್ಣ ಪೂಲ್ ಒಂದರಲ್ಲಿ ಪರೀಕ್ಷಿಸಿದ ಬಳಿಕ ಎಲ್ಲರಿಗೂ ಕೊಡುವುದು ಒಳ್ಳೆಯದು. ಹಳೆಯ ಸ್ನ್ಯಾಪ್‌ಶಾಟ್ ಉಳಿಸಿಕೊಂಡರೆ ಹಿಂದಿರುಗಲು ದಾರಿಯಿದೆ ಎಂದುಕೊಳ್ಳುತ್ತೇವೆ. ಆದರೆ ಹೊಸ ಇಮೇಜ್‌ನ ಅಪ್ಲಿಕೇಶನ್‌ಗಳು ಈ ನಡುವೆ ಪ್ರೊಫೈಲ್‌ನೊಳಗಿನ ತಮ್ಮ ಫೈಲ್‌ಗಳನ್ನು ಹೊಸ ರೂಪಕ್ಕೆ ಬದಲಿಸಿದ್ದರೆ ಹಳೆಯ ಆವೃತ್ತಿ ಅವನ್ನು ಓದಲಾರದು. ಆದ್ದರಿಂದ ಇಮೇಜ್ ಬದಲಿಸುವ ಹಿಂದಿನ ರಾತ್ರಿ ಪ್ರೊಫೈಲ್ ಶೇರ್‌ನ ಬ್ಯಾಕಪ್ ಕೂಡ ತೆಗೆದಿರಬೇಕು.