ಫೈರ್ ಎಂಜಿನ್ ನಿಂತದ್ದು ನೆಲದ ಮೇಲೆ, ಮಹಡಿಯ ಮೇಲಲ್ಲ

ಹಳೆಯ ಅಗ್ನಿಶಾಮಕ ಠಾಣೆಯನ್ನು ಗ್ರಂಥಾಲಯವನ್ನೋ ಹೋಟೆಲನ್ನೋ ಮಾಡಹೊರಟವರು ಒಂದು ಮಾತು ಹೇಳಿಯೇ ಹೇಳುತ್ತಾರೆ: 'ಫೈರ್ ಎಂಜಿನ್ ಹೊತ್ತ ಕಟ್ಟಡ, ಇದಕ್ಕೇನಾಗುತ್ತೆ ಬಿಡಿ.' ಎಂಜಿನ್ ಹೊತ್ತದ್ದು ಕಟ್ಟಡವಲ್ಲ, ನೆಲ. ಕೆಳಗೆ ನೆಲಮಾಳಿಗೆ ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ನೇರ ಮಣ್ಣಿಗೆ ಇಳಿದಿದೆ; ಮಹಡಿಗೆ ಅದರ ಸೋಂಕೂ ಇಲ್ಲ.

ಮಹಡಿಯಲ್ಲಿ ಇದ್ದದ್ದು ಸಿಬ್ಬಂದಿಯ ಮಂಚಗಳು. ಇಂದಿನ ಲೆಕ್ಕದಲ್ಲಿ ಮಲಗುವ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೊ ಹಿಡಿಯುತ್ತೇವೆ. ಜನ ಸೇರುವ ಸಭಾಂಗಣಕ್ಕೆ 400ರಿಂದ 500, ಪುಸ್ತಕದ ಕಪಾಟುಗಳಿಗೆ 600ಕ್ಕೂ ಮೇಲೆ. ಮಂಚ ತೆಗೆದು ಪುಸ್ತಕ ಇಟ್ಟಿರೋ, ಭಾರ ಮೂರು ಪಟ್ಟು. ಮೇಲಾಗಿ ಗಾಡಿ ಸಲೀಸಾಗಿ ಓಡಾಡಲೆಂದು ಕೆಳಗೆ ನಡುಗಂಬಗಳನ್ನೇ ಇಟ್ಟಿರುವುದಿಲ್ಲ. ಮೇಲಿನ ತೊಲೆಗಳು ಗೋಡೆಯಿಂದ ಗೋಡೆಗೆ ಉದ್ದಕ್ಕೆ ಚಾಚಿರುತ್ತವೆ. ಅದೇ ತೊಲೆ, ಮೀಟರಿಗೆ ಅಷ್ಟೇ ಭಾರ. ಉದ್ದ ಮಾತ್ರ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ.

ಸಿಬ್ಬಂದಿ ಮಹಡಿಯಿಂದ ಸರ್ರನೆ ಕೆಳಗಿಳಿಯುತ್ತಿದ್ದ ಜಾರುಗಂಬದ ರಂಧ್ರವನ್ನೂ ಮರೆಯಬೇಡಿ. 1878ರಲ್ಲಿ ಷಿಕಾಗೋದ ಕ್ಯಾಪ್ಟನ್ ಡೇವಿಡ್ ಕೆನ್ಯನ್ ತಮ್ಮ ಠಾಣೆಯಲ್ಲಿ ಮೊದಲು ನಿಲ್ಲಿಸಿದ ಕಂಬ ಬೇಗನೆ ಬೇರೆ ಊರುಗಳಿಗೂ ಹಬ್ಬಿತು. ಮೊದಲೇ ಕಟ್ಟಿದ್ದ ಮಹಡಿಯಲ್ಲಿ ಕಂಬಕ್ಕೆ ದಾರಿ ಮಾಡಲು ಜಂತೆಗಳನ್ನು ಕತ್ತರಿಸಿ, ತುದಿಗಳನ್ನು ಅಡ್ಡತೊಲೆಗೆ ಕೂರಿಸಿರಬಹುದು. ಆಮೇಲೆ ಯಾರೋ ಹಲಗೆ ಹೊಡೆದು ಮುಚ್ಚಿರುತ್ತಾರೆ. ಹಲಗೆ ಬಿಚ್ಚಿಸಿ ಆ ಜೋಡಣೆಯನ್ನು ಕಣ್ಣಾರೆ ನೋಡದೆ ಲೆಕ್ಕ ಹಾಕುವುದು ಸರಿಯಲ್ಲ.

ಇನ್ನು ಗೋಪುರ. ಒದ್ದೆಯಾದ ಹತ್ತಿಯ ಹೋಸ್‌ಗಳನ್ನು ಅಲ್ಲಿ ನೇತುಹಾಕಿ ಒಣಗಿಸುತ್ತಿದ್ದರು. ಒಂದೊಂದೂ ಸುಮಾರು 15 ಮೀಟರ್ ಉದ್ದ. ಗೋಪುರದ ಎತ್ತರಕ್ಕೆ ಅದೇ ಕಾರಣ. ದಶಕಗಟ್ಟಲೆ ನೀರು ತೊಟ್ಟಿಕ್ಕಿದ ಆ ಗೋಡೆಯೊಳಗೆ ಹುದುಗಿರುವ ಜಂತೆ ತುದಿಗಳನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಿ. ಸ್ಕ್ರೂಡ್ರೈವರ್ ಒತ್ತಿದಾಗ ಒಂದು ಸೆಂಟಿಮೀಟರ್ ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಬಣ್ಣ ಚೆನ್ನಾಗಿದೆ ಎಂದು ನಂಬಬೇಡಿ, ಕೊಳೆತ ಒಳಗಿನಿಂದ ಬರುತ್ತದೆ. ಇದೇ ಗೋಪುರದಲ್ಲಿ ಲಿಫ್ಟ್ ಕೂರಿಸುವ ಆಸೆ ಎಲ್ಲರಿಗೂ. ಆಗಬಹುದು, ಆದರೆ ಒಳಗೆ ತಳದಿಂದ ತುದಿಯವರೆಗೆ ಟೊಳ್ಳು. ಬೆಂಕಿ ಬಿದ್ದರೆ ಹೊಗೆ ಚಿಮಣಿಯಲ್ಲಿ ಏರುವಂತೆ ಏರುತ್ತದೆ. ಮಹಡಿಗೆ ತೆರೆಯುವ ಪ್ರತಿ ಬಾಗಿಲೂ ಬೆಂಕಿ ತಡೆಯುವಂಥದ್ದೇ ಆಗಿರಲಿ.

ಲೆಕ್ಕದಿಂದ ತೀರ್ಮಾನವಾಗದಿದ್ದರೆ ಭಾರ ಹಾಕಿ ನೋಡುವುದುಂಟು. ನೀರೇ ಅನುಕೂಲ: 10 ಸೆಂಟಿಮೀಟರ್ ಆಳಕ್ಕೆ ಚದರ ಮೀಟರಿಗೆ 100 ಕಿಲೊ. ಹಂತಹಂತವಾಗಿ ತುಂಬಿ, ಪ್ರತಿ ಹಂತದಲ್ಲೂ ಬಾಗು ಅಳೆಯಬೇಕು; ಮುರಿದರೆ ಹಿಡಿಯಲು ಕೆಳಗೆ ತುಸು ಅಂತರ ಬಿಟ್ಟು ಆಸರೆಯ ಕಂಬಗಳು ಇರಲೇಬೇಕು. ಇದು ಸ್ಟ್ರಕ್ಚರಲ್ ಎಂಜಿನಿಯರ್ ಎದುರಿಗಿದ್ದು ಮಾಡಿಸುವ ಕೆಲಸ, ಮೇಸ್ತ್ರಿಯದಲ್ಲ.

ಬಹಳ ಸಲ ಸುಲಭದ ದಾರಿಯೇ ಇರುತ್ತದೆ: ಕಪಾಟುಗಳು ಕೆಳಗೆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ, ಓದುವ ಮೇಜು ಮೇಲೆ. ಓದುವ ಕೋಣೆಗೂ ಸುಮಾರು 300 ಕಿಲೊ ತಡೆಯುವ ಮಹಡಿ ಬೇಕು, ಅದನ್ನು ಖಚಿತಪಡಿಸಿಕೊಳ್ಳಿ. ಕೆಳಗೆ ಟೈಲ್ಸ್ ಹಾಕುವ ಮುಂಚೆ ಕಾಂಕ್ರೀಟಿನ ಒಂದು ತುಂಡು ಕೊರೆದು ತೆಗೆಸಿ. ಡೀಸೆಲ್, ಎಣ್ಣೆ ಆಳಕ್ಕೆ ಇಳಿದಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ಮೇಲ್ಪದರವನ್ನು ಕೆತ್ತಿ ತೆಗೆಯಲೇಬೇಕು.