ಹಳೇ ಪವರ್‌ಶಿಫ್ಟ್ ಟ್ರ್ಯಾಕ್ಟರ್ ತಗೋಬಹುದಾ?

ಓದುಗರ ಪ್ರಶ್ನೆ: ನಾವು ಅಮೆರಿಕದ ಅಯೋವಾದಲ್ಲಿದ್ದೇವೆ. ಸ್ವಲ್ಪ ಜಮೀನು ತಗೊಂಡು ಹುಲ್ಲು ಬೆಳೆಯುತ್ತಿದ್ದೇವೆ. ಬೇಲರ್‌ಗೆ (ಹುಲ್ಲು ಒತ್ತಿ ಕಟ್ಟುವ ಯಂತ್ರ), ಲೋಡರ್ (ಮುಂದೆ ಹಾಕುವ ಎತ್ತುವ ಬಕೆಟ್) ಕೆಲಸಕ್ಕೆ 100 ಎಚ್‌ಪಿ ಆಸುಪಾಸಿನ ಹಳೇ ಟ್ರ್ಯಾಕ್ಟರ್ ಬೇಕು. ಪವರ್‌ಶಿಫ್ಟ್ (ಕ್ಲಚ್ ತುಳಿಯದೆ ಗೇರ್ ಬದಲಿಸುವ ಗೇರ್‌ಬಾಕ್ಸ್) ಇರೋದನ್ನೇ ನೋಡಿ ಅಂತ ಕೆಲವರು, ಅದರ ಹತ್ತಿರಕ್ಕೂ ಹೋಗಬೇಡಿ ಅಂತ ಇನ್ನು ಕೆಲವರು. ಯಾರ ಮಾತು ಕೇಳೋದು?

ನಿಮ್ಮ ಕೆಲಸಕ್ಕೆ ಪವರ್‌ಶಿಫ್ಟ್ ಒಳ್ಳೆಯದೇ. ಆದರೆ ಹಳೇ ಪವರ್‌ಶಿಫ್ಟ್ ಟ್ರ್ಯಾಕ್ಟರ್ ನೋಡಲು ಹೋದಾಗ ಮೊದಲು ಗೇರ್‌ಬಾಕ್ಸ್ ನೋಡಿ, ಎಂಜಿನ್ ಆಮೇಲೆ. ಎಂಜಿನ್ ರಿಪೇರಿ ಮಾಡುವವರು ಎಲ್ಲ ಕಡೆ ಸಿಗುತ್ತಾರೆ. ಈ ಗೇರ್‌ಬಾಕ್ಸ್ ಬಿಚ್ಚಿ ಸರಿಯಾಗಿ ಜೋಡಿಸುವವರು ಕಡಿಮೆ. ಅದರ ಖರ್ಚು ಟ್ರ್ಯಾಕ್ಟರ್ ಬೆಲೆಯ ದೊಡ್ಡ ಪಾಲನ್ನೇ ನುಂಗಬಹುದು.

ನಮ್ಮ ಊರಿನ ಸಾಮಾನ್ಯ ಟ್ರ್ಯಾಕ್ಟರ್‌ನಲ್ಲಿ ಗೇರ್ ಬದಲಿಸಲು ಕ್ಲಚ್ ತುಳಿಯಬೇಕು. ಭಾರ ಎಳೆಯುತ್ತಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಪವರ್‌ಶಿಫ್ಟ್‌ನಲ್ಲಿ ಆ ತಾಪತ್ರಯ ಇಲ್ಲ. ಗೇರ್‌ಬಾಕ್ಸ್ ಒಳಗೆ ಹಲವು ಕ್ಲಚ್ ಪ್ಯಾಕ್‌ಗಳು (ಪ್ಲೇಟ್‌ಗಳ ಕಟ್ಟು), ಬ್ರೇಕ್‌ಗಳು ಇರುತ್ತವೆ. ಲಿವರ್ ಸರಿಸಿದರೆ ಎಣ್ಣೆಯ ಒತ್ತಡ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಎಳೆತ ನಿಲ್ಲುವುದಿಲ್ಲ.

ಬೇಲರ್‌ಗೆ ಇದು ಯಾಕೆ ಬೇಕು? ಬೇಲರ್ ತಿರುಗಲು ಪಿಟಿಒ (ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟ್) ಒಂದೇ ವೇಗದಲ್ಲಿ ಓಡುತ್ತಿರಬೇಕು, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಹೊಲದಲ್ಲಿ ಹುಲ್ಲಿನ ಸಾಲು ಮಾತ್ರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ದಪ್ಪ ಸಾಲು ಬಂದಾಗ ನಿಧಾನಕ್ಕೆ ಹೋಗಬೇಕು. ಆಕ್ಸಿಲರೇಟರ್ ಇಳಿಸಿದರೆ ಬೇಲರ್‌ನ ವೇಗವೂ ಇಳಿದು ಹುಲ್ಲು ಸಿಕ್ಕಿಕೊಳ್ಳುತ್ತದೆ. ಪವರ್‌ಶಿಫ್ಟ್ ಇದ್ದರೆ ಎಂಜಿನ್ ಹಾಗೇ ಇರಲಿ ಅಂತ ಬಿಟ್ಟು ಒಂದು ಗೇರ್ ಕೆಳಗಿಳಿಸಿದರೆ ಆಯಿತು. ದಿನಕ್ಕೆ ನೂರಾರು ಸಲ ಹಿಂದೆ ಮುಂದೆ ಹೋಗುವ ಲೋಡರ್ ಕೆಲಸದಲ್ಲೂ ಕಾಲಿಗೆ ಆರಾಮ.

ಇಷ್ಟೆಲ್ಲ ಪುಕ್ಕಟೆ ಅಲ್ಲ. ಪಂಪ್ ತಿರುಗಿಸುವುದಕ್ಕೆ, ಎಣ್ಣೆಯಲ್ಲಿ ಮುಳುಗಿದ ಪ್ಲೇಟ್‌ಗಳ ಎಳೆತಕ್ಕೆ ಎಂಜಿನ್‌ನ ಒಂದಿಷ್ಟು ಶಕ್ತಿ ಹೋಗುತ್ತದೆ. ಡೀಸೆಲ್ ಸ್ವಲ್ಪ ಜಾಸ್ತಿ ಬೇಕು. ಅಯೋವಾದ ಚಳಿಗಾಲದ ಬೆಳಗ್ಗೆ ಗಟ್ಟಿಯಾದ ಎಣ್ಣೆಯಲ್ಲಿ ಸ್ಟಾರ್ಟ್ ಆಗಲೂ ಕಷ್ಟಪಡುತ್ತದೆ. ಎಷ್ಟು ವ್ಯತ್ಯಾಸ ಅಂತ ಊಹಿಸಬೇಕಿಲ್ಲ. ನೆಬ್ರಾಸ್ಕಾದ ಲಿಂಕನ್‌ನಲ್ಲಿ 1920ರಿಂದ ಟ್ರ್ಯಾಕ್ಟರ್‌ಗಳನ್ನು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ, ಆ ವರದಿಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಮಾಡೆಲ್‌ನ ವರದಿ ತೆಗೆದು ನೋಡಿ. ಒಂದು ಮಾತು: ಅಲ್ಲಿ ಹಳೇ ಟ್ರ್ಯಾಕ್ಟರ್‌ನ ಎಚ್‌ಪಿ ಅಂದರೆ ಸಾಮಾನ್ಯವಾಗಿ ಪಿಟಿಒ ಎಚ್‌ಪಿ. ನಮ್ಮಲ್ಲಿ 45 ಎಚ್‌ಪಿ ಅನ್ನುವುದು ಎಂಜಿನ್ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮಾಡೆಲ್ ವಿಷಯಕ್ಕೆ ಬಂದರೆ ಜಾನ್ ಡಿಯರ್ 4020 ಎಲ್ಲರ ಬಾಯಲ್ಲೂ ಇದೆ. 1963ರಲ್ಲಿ ಬಂದಿದ್ದು, ಪವರ್‌ಶಿಫ್ಟ್ ಇದ್ದರೆ ಮುಂದಕ್ಕೆ 8, ಹಿಂದಕ್ಕೆ 4 ಗೇರ್. ಒಳ್ಳೆಯ ಯಂತ್ರ. ಆದರೆ ಅದರ ಹೆಸರಿಗೇ ಜಾಸ್ತಿ ಬೆಲೆ ಕೊಡುತ್ತೀರಿ, ಕ್ಯಾಬ್ ಇಲ್ಲದ್ದು ಸಿಕ್ಕರೆ ಹುಲ್ಲಿನ ಧೂಳನ್ನೂ ಕುಡಿಯುತ್ತೀರಿ. ನನ್ನ ಒಲವು ಅದೇ ಕಂಪನಿಯ 4040 ಅಥವಾ 4240 ಕಡೆಗೆ. 1970ರ ದಶಕದ ಕೊನೆಯವು, 90 ಮತ್ತು 110 ಎಚ್‌ಪಿ ಆಸುಪಾಸು, ಒಳ್ಳೇ ಕ್ಯಾಬ್ ಸಿಗುತ್ತದೆ. ಹಣ ಇನ್ನೂ ಇದ್ದರೆ 1980ರ ದಶಕದ 4050, 4250. ಅವುಗಳ ಪವರ್‌ಶಿಫ್ಟ್‌ನಲ್ಲಿ 15 ಗೇರ್, ಹಾಗಾಗಿ ಬೇಕಾದ ವೇಗ ಸಲೀಸಾಗಿ ಹೊಂದುತ್ತದೆ. ಮುಂದಿನ ಚಕ್ರಕ್ಕೂ ಎಳೆತ ಇರುವಂಥದು ಸಿಕ್ಕರೆ ಲೋಡರ್‌ಗೆ ಚೆನ್ನ.

ಫೋರ್ಡ್ 1959ರಲ್ಲಿ ತಂದ ಸೆಲೆಕ್ಟ್-ಓ-ಸ್ಪೀಡ್ ಅನ್ನುವ ಪವರ್‌ಶಿಫ್ಟ್ ನಿಮಗೆ ಬೇಡ. ಯೋಚನೆ ಚೆನ್ನಾಗಿತ್ತು, ಮೊದಲ ವರ್ಷಗಳಲ್ಲಿ ತೊಂದರೆ ಕೊಟ್ಟು ಹೆಸರು ಕೆಡಿಸಿಕೊಂಡಿತು. ಮಾರುವವರು ಇಂಟರ್‌ನ್ಯಾಷನಲ್ ಕಂಪನಿಯ ಟಾರ್ಕ್ ಆಂಪ್ಲಿಫೈಯರ್ ತೋರಿಸಿ ಪವರ್‌ಶಿಫ್ಟ್ ಅಂದರೆ ನಂಬಬೇಡಿ. ಅದು ಪ್ರತಿ ಗೇರ್‌ನಲ್ಲೂ ಎರಡು ಹಂತ ಕೊಡುತ್ತದೆ, ಅಷ್ಟೇ. ಹಳೆಯವುಗಳಲ್ಲಿ ಕಡಿಮೆ ಹಂತದಲ್ಲಿದ್ದಾಗ ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ. ಹಿಂದೆ ತುಂಬಿದ ಟ್ರೈಲರ್ ಇದ್ದರೆ ಅಪಾಯ.

ಇನ್ನು ಪರೀಕ್ಷೆ. ನೀವು ಬರುವುದಕ್ಕೆ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಹೇಳಿ. ತಣ್ಣಗಿರುವಾಗ ಒಂದು ಸಲ ಎಲ್ಲಾ ಗೇರ್ ಹಾಕಿ ನೋಡಿ. ಆಮೇಲೆ ಏನಾದರೂ ಭಾರ ಕಟ್ಟಿ ಒಂದು ಗಂಟೆ ಓಡಿಸಿ, ಎಣ್ಣೆ ಪೂರ್ತಿ ಬಿಸಿಯಾಗಲಿ. ಸವೆದ ಪಂಪ್, ಗಟ್ಟಿಯಾದ ಸೀಲ್ ಇದ್ದರೆ ಗುಟ್ಟು ರಟ್ಟಾಗುವುದು ಆಗಲೇ. ತಣ್ಣಗಿರುವಾಗ ದಪ್ಪ ಎಣ್ಣೆ ಅದನ್ನೆಲ್ಲ ಮುಚ್ಚಿಡುತ್ತದೆ. ಲಿವರ್ ಸರಿಸಿದ ಮೇಲೆ ತಡವಾಗಿ ಹಿಡಿಯುತ್ತದಾ, ಭಾರ ಬಿದ್ದಾಗ ಎಂಜಿನ್ ಸುಮ್ನೆ ಕೂಗಿ ಚಕ್ರ ನಿಧಾನ ಆಗುತ್ತದಾ ನೋಡಿ. ಯಾವ ಗೇರ್‌ನಲ್ಲಿ ಜಾರುತ್ತದೆ ಅಂತ ಬರೆದುಕೊಳ್ಳಿ. ಒಂದು ಕ್ಲಚ್ ಪ್ಯಾಕ್ ಹಲವು ಗೇರ್‌ಗಳಿಗೆ ಕೆಲಸ ಮಾಡುತ್ತದೆ. ಎರಡು ಮೂರು ಗೇರ್‌ಗಳಲ್ಲಿ ಮಾತ್ರ ಜಾರಿದರೆ ಅವೆಲ್ಲಕ್ಕೂ ಸೇರಿದ ಪ್ಯಾಕ್ ಹೋಗಿರಬಹುದು, ಎಲ್ಲದರಲ್ಲೂ ಜಾರಿದರೆ ಎಣ್ಣೆಯ ಒತ್ತಡವೇ ಕಡಿಮೆ ಇರಬಹುದು. ಮೆಕ್ಯಾನಿಕ್‌ಗೆ ಗೇಜ್ ಹಾಕಿ ಒತ್ತಡ ಅಳೆಯಲು ಹೇಳಿ. ಫಿಲ್ಟರ್ ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಚೂರು ಇದೆಯಾ ನೋಡಲಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಸುಟ್ಟ ವಾಸನೆ ಬಂದರೆ ಪ್ಲೇಟ್ ಸುಟ್ಟಿವೆ. ಮೊನ್ನೆ ತಾನೇ ಹೊಸ ಎಣ್ಣೆ ಹಾಕಿದ್ದೀವಿ ಅಂದರೆ ಯಾಕೆ ಅಂತ ಕೇಳಿ.

ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಗಂಟೆ ಮೀಟರ್ ನಂಬಬೇಡಿ, ಎಷ್ಟೋ ಗಾಡಿಗಳಲ್ಲಿ ಅದನ್ನು ಬದಲಿಸಿರುತ್ತಾರೆ. ಪೆಡಲ್‌ನ ಸವೆತ, ಹಿಂದೆ ಟ್ರೈಲರ್ ಸಿಕ್ಕಿಸುವ ಡ್ರಾಬಾರ್ ತೂತಿನ ಸವೆತ ನೋಡಿ.

ಒಂದು ಗಂಟೆ ಓಡಿಸಲು ಮಾಲೀಕರು ಬಿಡದಿದ್ದರೆ ಬೇರೆ ಗಾಡಿ ನೋಡಿ. ಅಥವಾ ಅದೇ ಕಾಲದ ಜಾನ್ ಡಿಯರ್‌ನ ಕ್ವಾಡ್-ರೇಂಜ್ ಗೇರ್‌ಬಾಕ್ಸ್ ಇರುವುದನ್ನು ತಗೊಳ್ಳಿ. 16 ಗೇರ್, ಕೆಲವಕ್ಕೆ ಕ್ಲಚ್ ತುಳಿಯಬೇಕು, ರಿಪೇರಿ ಸುಲಭ. ವರ್ಷಕ್ಕೆ ಕೆಲವೇ ದಿನ ಹುಲ್ಲು ಕಟ್ಟುವವರಿಗೆ ನಾನು ಅದನ್ನೇ ಹೇಳುವುದು.

ಪವರ್‌ಶಿಫ್ಟ್ ಕೊಂಡರೆ ಮನೆಗೆ ಟ್ರೈಲರ್ ಮೇಲೆ ತನ್ನಿ, ಕಟ್ಟಿ ಎಳೆಯಬೇಡಿ. ಎಂಜಿನ್ ನಿಂತಿದ್ದರೆ ಪಂಪ್ ತಿರುಗುವುದಿಲ್ಲ, ಒಳಗೆ ಎಣ್ಣೆ ಹರಿಯದೆ ಭಾಗಗಳು ಉಜ್ಜಿ ಹಾಳಾಗುತ್ತವೆ. ಇದೇ ಕಾರಣಕ್ಕೆ ಎಳೆದು ಸ್ಟಾರ್ಟ್ ಮಾಡುವುದೂ ಆಗುವುದಿಲ್ಲ. ಬ್ಯಾಟರಿ ಮಾತ್ರ ಒಳ್ಳೆಯದೇ ಹಾಕಿಸಿ.